ಕಿಟಕಿ ತೆರೆಯಬಹುದು

ಸೆಪ್ಟೆಂಬರ್ 11, ಸೋಮವಾರ

ಎಂಟಕ್ಕೆ ತಾರಸಿ ಹತ್ತಿದೆ. ಪರಾಗ ಹಿಡಿಯೋ ಪೆಟ್ಟಿಗೆಯ ಗಾಜು ಬದಲಾಯಿಸಿದೆ. ಪೆಟ್ಟಿಗೆಯ ಫ್ಯಾನು ಮತ್ತೆ ಗರಗರ ಅಂತಿದೆ — ಎಣ್ಣೆ ಬಿಡ್ಬೇಕು, ಮರೀಬಾರ್ದು. ಕೆಳಗೆ ಬಂದು ಗಾಜಿಗೆ ಗುಲಾಬಿ ಬಣ್ಣ ಹಾಕಿ, ಮೈಕ್ರೋಸ್ಕೋಪಿನಡಿ ಇಟ್ಟು ಎಣಿಸಿದೆ. ಹುಲ್ಲು 31. ಮರ 6. ಕಳೆಗಿಡ 4. ಹುಲ್ಲಿನ ಸೀಸನ್ನು ಶುರು ಹಚ್ಕೊಂಡಿದೆ.

ಆರೋಗ್ಯ ಕೇಂದ್ರದ ಗೇಟಿನ ಬೋರ್ಡಲ್ಲಿ ಬರೆದೆ: ಇಂದು ಗಾಳಿಯಲ್ಲಿ ಪರಾಗ — ಮಧ್ಯಮ. ಹತ್ತೂವರೆಗೆ ಬಡಾವಣೆಯ ಗ್ರೂಪಿಗೆ ಅದೇ ಮೆಸೇಜು. ಮೊದಲ ಉತ್ತರ ಎಂದಿನಂತೆ ಅಕ್ಕನದು. "ಸೀನಮ್ಮನವರ ಅಪ್ಪಣೆಯಂತೆ ಸೀನುತ್ತಿದ್ದೇವೆ." ಇನ್ನೂರು ಜನ ಇರೋ ಗ್ರೂಪು. ಮಾನ ಮರ್ಯಾದೆ ಇಲ್ಲ ಇವಳಿಗೆ. ಈಗ ಮೆಡಿಕಲ್ ಸ್ಟೋರಿನವನೂ ನನ್ನ ಸೀನಮ್ಮ ಅಂತಾನೆ. ಲ್ಯಾಬ್ ಟೆಕ್ನಿಷಿಯನ್ ಆಗಿ ಹದಿನೆಂಟು ವರ್ಷ, ಕೊನೆಗೆ ಸಿಕ್ಕಿದ ಬಿರುದು ಇದು.

ಎರಡನೇ ಉತ್ತರ ಗಣಿತದ ಮೇಷ್ಟ್ರದು. ರಿಟೈರಾದ ಮೇಲೆ ಗ್ರೂಪಿಗೆ ಅವರೇ ಅಡ್ಮಿನ್. "ಶನಿವಾರ 28, ಇಂದು 31. ಶೇಕಡಾ 10.7 ಏರಿಕೆ." ಪಾಪ, ಅವರಿಗೂ ಆಸ್ತಮಾ. ಆದ್ರೂ ಉಸಿರಿಗಿಂತ ಶೇಕಡಾ ಮುಖ್ಯ.

ಸೆಪ್ಟೆಂಬರ್ 15, ಶುಕ್ರವಾರ

ಕೆಲಸ ಮುಗಿಸಿ ಅಕ್ಕನ ಮನೆಗೆ. ಎರಡು ಬೀದಿ ದಾಟಿದ್ರೆ ಆಯ್ತು. ಮುಂದಿನ ಕೋಣೆಯಲ್ಲೇ ಹೊಲಿಗೆ ಮೆಷಿನ್ನು, ಕಿಟಕಿಗೆ ಆನಿಸಿ. ಶಾಲೆ ಯೂನಿಫಾರಂ ರಾಶಿ. ನೂರ ನಲವತ್ತು ಶರ್ಟು ಕೊಡ್ಬೇಕಂತೆ. ಕೊರಳಲ್ಲಿ ಟೇಪು, ತುಟಿ ಮಧ್ಯೆ ಗುಂಡುಪಿನ್ನು, ಹಾಗೇ ಮಾತು.

"ಕಿಟಕಿ ಯಾಕೆ ತೆಗೆದಿದ್ದೀಯ?"

"ಗಾಳಿ ಬೇಡ್ವೇನೇ ನಂಗೆ? ಇಸ್ತ್ರಿಪೆಟ್ಟಿಗೆ ಪಕ್ಕ ಹತ್ತು ನಿಮಿಷ ಕೂತು ನೋಡು. ಆಮೇಲೆ ಮೆಸೇಜು ಕಳ್ಸು."

ಎದ್ದು ಮುಚ್ಚಿದೆ. ಬೈದಳು. ಉಸಿರಲ್ಲಿ ಸಣ್ಣ ಸಿಳ್ಳೆ ಇತ್ತು. ನಂಗೆ ಕೇಳಿಸ್ತು. ಕೇಳಿಸ್ತು ಅಂತ ಅವಳಿಗೂ ಗೊತ್ತಾಯ್ತು. ಅವಳು ಸೆರಗು ಮರೆ ಮಾಡಿ ಪಂಪು ಎಳ್ಕೊಂಡಳು — ಇನ್‌ಹೇಲರಿಗೆ ಅವಳು ಇಟ್ಟ ಹೆಸರು. ಅವಳಿಗೀಗ ಐವತ್ತಮೂರು, ಇಷ್ಟು ವರ್ಷದಲ್ಲಿ ಒಂದು ಸಲನೂ ನನ್ನೆದುರು ನೇರವಾಗಿ ಎಳ್ಕೊಂಡಿಲ್ಲ. ನಾನು ಹೆದರ್ತೀನಿ ಅಂತ.

ಭಾವ ಡ್ಯೂಟಿ ಮುಗಿಸಿ ಬಂದ್ರು. ಹದಿನಾಲ್ಕನೇ ನಂಬರ್ ಬಸ್ಸಿನ ಡ್ರೈವರು. ಅವರ ಭಾಷಣ ಎರಡೇ ಮಾತು — ನಾನು ಒಳಗೆ ಬಂದಾಗ "ಬಂದ್ಯಾ", ಎದ್ದಾಗ "ಹೊರಟ್ಯಾ". ಇಡೀ ದಿನ ಹಾರ್ನು ಹೊಡೆದು ಮಾತು ಖರ್ಚಾಗಿರುತ್ತೆ ಅಂತಾಳೆ ಅಕ್ಕ.

ಸೆಪ್ಟೆಂಬರ್ 24, ಭಾನುವಾರ

ರಜೆ. ಬಟ್ಟೆ ಒಗೆದೆ, ಒಳಗೇ ಹರವಿದೆ. ಹೊರಗೆ ಹಾಕಿದ್ರೆ ಹುಲ್ಲಿನ ಪುಡಿಯೆಲ್ಲ ಬಟ್ಟೇಲಿ.

ಅಮ್ಮ ತೀರಿಕೊಂಡಾಗ ನಂಗೆ ಏಳು, ಅಕ್ಕನಿಗೆ ಹತ್ತೊಂಬತ್ತು. ಅವಳೇ ತಲೆ ಬಾಚಿದ್ದು, ಅವಳೇ ಶಾಲೆಗೆ ಸೇರಿಸಿದ್ದು. ಅವಳಿಗೆ ಉಬ್ಬಸ ಬಂದಾಗ ಪಕ್ಕ ಕೂತು ನಿಮಿಷಕ್ಕೆ ಎಷ್ಟು ಉಸಿರು ಅಂತ ಎಣಿಸ್ತಿದ್ದೆ. ಬೇರೇನು ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ. ಮೂರು ವರ್ಷದ ಹಿಂದೆ ಈ ಪರಾಗದ ಪೆಟ್ಟಿಗೆ ಬಂತು, ಯಾರು ನೋಡ್ಕೋತೀರಿ ಅಂತ ಡಾಕ್ಟರಮ್ಮ ಕೇಳಿದ್ರು. ಅವರ ಮಾತು ಮುಗಿಯೋ ಮೊದಲೇ ಕೈ ಎತ್ತಿದ್ದೆ. ಯಾಕೆ ಅಂತ ಅಕ್ಕನಿಗೆ ಹೇಳಿಲ್ಲ. ಹೇಳಿದ್ರೆ ನಗ್ತಾಳೆ.

ಅಕ್ಟೋಬರ್ 2, ಸೋಮವಾರ

ಒಣಗಾಳಿ. ಐದು ದಿನದಿಂದ ಬಿಟ್ಟೂಬಿಡದೆ ಬೀಸ್ತಿದೆ. ಹಳೇ ಗೋದಾಮಿನ ಹಿಂದಿನ ಖಾಲಿ ಜಾಗದಲ್ಲಿ ಹುಲ್ಲು ಸೊಂಟದೆತ್ತರ, ಎಲ್ಲ ತೆನೆ ಬಿಟ್ಟಿದೆ. ಇವತ್ತು 143. ಬೋರ್ಡಲ್ಲಿ 'ವಿಪರೀತ' ಅಂತ ಕೆಂಪಲ್ಲಿ ಬರೆದೆ. ಈ ವರ್ಷ ಮೊದಲ ಸಲ.

ಅಕ್ಕನಿಗೆ ಫೋನು.

"ಮುಚ್ಚಿದ್ದೀಯಾ?"

"ಮುಚ್ಚಿದೀನಿ ತಾಯಿ. ಬೆಂದು ಹೋಗ್ತಿದೀನಿ. ಸಂಜೆ ಬಾ, ಬಡಿಸಿಕೊಂಡು ತಿನ್ನು."

ಸಿಟ್ಟಲ್ಲೂ ನಗಿಸ್ತಾಳೆ. ಮಾತಿನ ಮಧ್ಯೆ ಉಸಿರು ತಗೊಳ್ಳೋಕೆ ಎರಡು ಸಲ ನಿಂತಳು. ಸಂಜೆ ಡಾಕ್ಟರಮ್ಮನ ಹತ್ರ ಕರ್ಕೊಂಡು ಬಂದೆ. ಹೊಸ ಪಂಪು ಬರೆದ್ರು. ಕಿಟಕಿ ಮುಚ್ಚಿಟ್ಟಿದ್ದೇ ಒಳ್ಳೇದಾಯ್ತು ಅಂದ್ರು. ಬರ್ತಾ ದಾರೀಲಿ ಅಕ್ಕ, "ಗೆದ್ದೆ ಬಿಡು" ಅಂದಳು.

ಅಕ್ಟೋಬರ್ 5, ಗುರುವಾರ. ಸಂಜೆ 4.50

ಇವತ್ತು 188! ಪೆಟ್ಟಿಗೆ ಬಂದಮೇಲೆ ಇದೇ ಅತಿ ಹೆಚ್ಚು. ಎಣಿಸಿ ಎಣಿಸಿ ಕಣ್ಣಲ್ಲಿ ನೀರು. ಆದ್ರೆ ಮೂರು ಗಂಟೆಯಿಂದ ಪಶ್ಚಿಮಕ್ಕೆ ಮೋಡ ಕಟ್ತಿದೆ. ಕಪ್ಪಗೆ, ದಪ್ಪಗೆ. ಅಬ್ಬಾ, ಅಂತೂ! ಮಳೆ ಬಿದ್ರೆ ಗಾಳಿ ತೊಳೆದ ಹಾಗಾಗುತ್ತೆ.

ಈಗಷ್ಟೇ ಗ್ರೂಪಿಗೆ ಹಾಕ್ದೆ: "ಸಂಜೆ ಮಳೆ ಬರುವ ಸಾಧ್ಯತೆ. ಮಳೆಯಿಂದ ಪರಾಗ ಇಳಿಯುತ್ತದೆ. ಇಷ್ಟು ದಿನ ಸಹಕರಿಸಿದ್ದೀರಿ. ಸಂಜೆ ಕಿಟಕಿ ತೆರೆಯಬಹುದು." ಹೂವಿನ ಚಿತ್ರ ಬೇರೆ. ಅಕ್ಕನಿಗೆ ಖುಷಿಯಾಗುತ್ತೆ. ಅವಳನ್ನ ನೆನೆಸ್ಕೊಂಡೇ ಆ ಕೊನೇ ಸಾಲು ಬರೆದೆ ಅನ್ಬೇಕು.

ಗುಡುಗು ಕೇಳ್ತಿದೆ. ತಾರಸಿ ಮೇಲಿನ ಪೆಟ್ಟಿಗೆಗೆ ಹೊದಿಕೆ ಹಾಕಿ ಬರ್ತೀನಿ.

ಅಕ್ಟೋಬರ್ 6

ಅಕ್ಕ ಹೋದಳು.

ಅಕ್ಟೋಬರ್ 18, ಬುಧವಾರ

ಬರೀಬೇಕು. ಬರೀದಿದ್ರೆ ಒಂದೊಂದೇ ಮರ್ತು ಹೋಗುತ್ತೆ, ಮರೆಯೋದು ಬೇಡ.

ಐದೂ ಹತ್ತಕ್ಕೆ ಗಾಳಿ ಶುರು. ಎಲೆ, ಕಾಗದ, ಧೂಳು ಎಲ್ಲ ಮೇಲೆ. ಆಮೇಲೆ ಮಿಂಚು, ಗುಡುಗು, ದಪ್ಪ ಹನಿ. ಐದೂವರೆಗೆ ಮೊದಲ ಪೇಷಂಟು ಬಂದ್ರು — ಶಾಲೆಯ ವಾಚ್‌ಮನ್. ಯಾವತ್ತೂ ಉಬ್ಬಸ ಇಲ್ಲದ ಮನುಷ್ಯ. ಮಾತು ಬರ್ತಿಲ್ಲ. ಅವರ ಹಿಂದೇನೇ ಒಬ್ಬಳು ಬಸುರಿ. ಗಣಿತದ ಮೇಷ್ಟ್ರು, ಬನಿಯನ್ನಲ್ಲೇ. ಆಮೇಲೆ ಸಾಲು. ಅರ್ಧ ಗಂಟೇಲಿ ಹನ್ನೊಂದು ಜನ. ಔಷಧಿಯ ಹಬೆ ಕೊಡೋ ನೆಬ್ಯುಲೈಸರ್ ಇದ್ದಿದ್ದು ಮೂರು. ಡಾಕ್ಟರಮ್ಮ, ನರ್ಸು, ನಾನು — ಮೂವರೇ. ಮಾಸ್ಕು ಒಬ್ಬರಿಂದ ತೆಗೆದು ಒರೆಸಿ ಇನ್ನೊಬ್ಬರಿಗೆ. ಇದೇನಿದು ಇವತ್ತೇ ಹೀಗೆ ಅಂತ ಒಂದ್ಸಲ ಅನ್ನಿಸ್ತು. ಯೋಚ್ನೆ ಮಾಡೋಕೆ ಪುರುಸೊತ್ತಿರ್ಲಿಲ್ಲ.

ನನ್ನ ಫೋನು ಮೇಲೆ ಲ್ಯಾಬಿನ ಮೇಜಿನ ಮೇಲೆ.

ಆರು ಐವತ್ತೈದಕ್ಕೆ ಬಾಗಿಲಲ್ಲಿ ಗಲಾಟೆ. ಪಕ್ಕದ ಮನೆಯವರ ಕಾರು. ಭಾವ ಎತ್ಕೊಂಡು ಬಂದ್ರು. ಮೊದಲು ಕಂಡಿದ್ದು ಟೇಪು, ಕೊರಳಿಂದ ನೇತಾಡ್ತಿತ್ತು. ಆಮೇಲೆ ಮುಖ. ತುಟಿ ನೀಲಿ. ಡಾಕ್ಟರಮ್ಮ ನಲವತ್ತು ನಿಮಿಷ ಬಿಡಲಿಲ್ಲ. ನಾನು ಪಕ್ಕದಲ್ಲಿ ನಿಂತಿದ್ದೆ. ಎಣಿಸೋಕೆ ಏನೂ ಇರ್ಲಿಲ್ಲ.

ಮರುದಿನ ಫೋನು ನೋಡಿದ್ದು. 5.12ಕ್ಕೆ ಅಕ್ಕನ ಮೆಸೇಜು: "ಅಂತೂ ಸೀನಮ್ಮ ಕಿಟಕಿ ತೆಗೆಸಿದ್ಳು. ಆಹಾ ಏನು ಗಾಳಿ!"

5.51ಕ್ಕೆ ಅವಳ ಕಾಲ್. 5.53ಕ್ಕೆ ಇನ್ನೊಂದು. ಎರಡೂ ಮಿಸ್ಡ್.

ಅಕ್ಟೋಬರ್ 20, ಶುಕ್ರವಾರ

ಗ್ರೂಪಿನಲ್ಲಿ ಎಲ್ರೂ ಕೈ ಮುಗಿದಿರೋ ಚಿತ್ರ ಹಾಕಿದ್ದಾರೆ. ಧೈರ್ಯ ತಂದುಕೊಳ್ಳಿ ಅಂತ. ಯಾರೂ ಏನೂ ಕೇಳಿಲ್ಲ. ಮೇಷ್ಟ್ರು ಮಾತ್ರ ನಂಗೊಬ್ಬಳಿಗೇ ಬರೆದಿದ್ದಾರೆ. "ಅವತ್ತಿನ ಸಂಜೆಯ ಮುನ್ಸೂಚನೆ ತಪ್ಪಾಗಿತ್ತು. ಎಲ್ಲಿ ತಪ್ಪಿತು ಅಂತ ಹುಡುಕಬೇಕು. ನಿಮ್ಮ ದುಃಖ ಗೊತ್ತಿದೆ, ಆದರೂ ಕೇಳುತ್ತಿದ್ದೇನೆ. ಕ್ಷಮಿಸಿ."

ನಾಲ್ಕು ಸಲ ಓದಿದೆ. ಈ ಹದಿನೈದು ದಿನದಲ್ಲಿ ನನ್ನ ಜೊತೆ ನೆಟ್ಟಗೆ ಮಾತಾಡಿದವರು ಅವರೊಬ್ಬರೇ.

ಅಕ್ಟೋಬರ್ 23, ಸೋಮವಾರ

ಹುಡುಕಿದೆ. ಹುಡುಕೋ ಅಗತ್ಯವೇ ಇರ್ಲಿಲ್ಲ. ಟ್ರೈನಿಂಗಿನ ನೋಟ್‌ಬುಕ್ಕು ಲ್ಯಾಬಿನ ಡ್ರಾಯರಲ್ಲೇ ಇತ್ತು. ಮೂರು ವರ್ಷದ ಹಿಂದಿನ ನಾಲ್ಕು ದಿನದ ಟ್ರೈನಿಂಗು. ಮೂರನೇ ದಿನ, ಮಧ್ಯಾಹ್ನ. ನನ್ನದೇ ಅಕ್ಷರ:

"ಹುಲ್ಲಿನ ಪರಾಗ ವಿಪರೀತ ಇದ್ದ ದಿನ ಗುಡುಗು ಮಳೆ ಬಂದರೆ ಅಪಾಯ. ಒದ್ದೆಯಾಗಿ ಪರಾಗದ ಕಾಳು ಒಡೆಯುತ್ತೆ. ಚೂರು ಎದೆಯ ಆಳಕ್ಕೆ ಇಳಿಯುತ್ತೆ. ಮಳೆಗೆ ಮುಂಚಿನ ಗಾಳಿ, ಮಳೆಯ ಮೊದಲ ಅರ್ಧ ಗಂಟೆ — ಕಿಟಕಿ ಮುಚ್ಚಿಸಬೇಕು."

'ಮುಚ್ಚಿಸಬೇಕು' ಕೆಳಗೆ ಎರಡು ಗೆರೆ. ನಾನೇ ಎಳೆದದ್ದು.

ಮೂರು ವರ್ಷದಲ್ಲಿ ಒಂದು ಸಲನೂ ಹಾಗೆ ಆಗಿರ್ಲಿಲ್ಲ. ಮಳೆ ಬಂದಾಗೆಲ್ಲ ಎಣಿಕೆ ಇಳೀತಿತ್ತು. ಅಷ್ಟೇ ತಲೇಲಿ ಉಳೀತು.

ಡಾಕ್ಟರಮ್ಮನಿಗೆ ತೋರಿಸಿದೆ. ಓದಿದ್ರು. ಕನ್ನಡಕ ತೆಗೆದು ಕಣ್ಣು ಉಜ್ಜಿದ್ರು. "ನಂಗೂ ಹೊಳೀಲಿಲ್ಲ. ಡಾಕ್ಟರು ನಾನು. ಮೇಲಿನವರಿಗೆ ರಿಪೋರ್ಟು ಬರೀತೀನಿ, ಇಬ್ಬರ ಹೆಸರೂ ಹಾಕ್ತೀನಿ."

"ಭಾವನಿಗೆ ಹೇಳ್ಬೇಕು ಮೇಡಂ."

"ಹೇಳಿ ಏನು ಮಾಡ್ತೀರಿ? ಅವರಿಗೆ ಇನ್ನೂ ಒಂದು ಭಾರ ಅಷ್ಟೇ. ನಿಮಗೆ ಹಗುರ ಆಗುತ್ತೆ. ಅವರಿಗೆ?"

ನೋಟ್‌ಬುಕ್ಕು ಬ್ಯಾಗಿಗೆ ಹಾಕ್ಕೊಂಡು ಬಂದೆ.

ನವೆಂಬರ್ 4, ಶನಿವಾರ

ಹೇಳಿದೆ.

ಭಾವ ಮುಂದಿನ ಕೋಣೇಲಿ ನೆಲದ ಮೇಲೆ ಕೂತಿದ್ರು. ಅಕ್ಕ ಕತ್ತರಿಸಿಟ್ಟ ಶರ್ಟಿನ ತುಂಡುಗಳನ್ನ ಜೋಡಿಸ್ತಿದ್ರು — ತೋಳು ಒಂದು ಕಡೆ, ಕಾಲರು ಒಂದು ಕಡೆ. ಬೇರೆ ಟೈಲರಿಗೆ ಕೊಡೋಕೆ. ಇಪ್ಪತ್ತೆರಡು ಶರ್ಟು ಬಾಕಿ ಉಳಿದಿತ್ತಂತೆ.

"ಬಂದ್ಯಾ," ಅಂದ್ರು.

ಕೂತೆ. ನೋಟ್‌ಬುಕ್ಕು ತೆಗೆದು ಓದಿದೆ. ಮುಗಿಸಿದ ಮೇಲೂ ಅವರು ತೋಳು ಎಣಿಸ್ತಾನೇ ಇದ್ರು. ಕೇಳಿಸ್ಲಿಲ್ವೇನೋ ಅಂದ್ಕೊಂಡೆ.

"ಇದು ನೀನೇ ಬರೆದದ್ದಾ?"

"ಹೂಂ."

"ಅಂದ್ರೆ ಗೊತ್ತಿತ್ತು."

"ಗೊತ್ತಿತ್ತು. ನೆನಪಾಗ್ಲಿಲ್ಲ ಭಾವ."

"ಇಪ್ಪತ್ತೆರಡು ಶರ್ಟಿಂದು ಕಾಲರ್ ಕೂಡ ಕತ್ತರಿಸಿಟ್ಟಿದ್ಳು," ಅಂದ್ರು, ಯಾರಿಗೋ ಹೇಳೋ ಹಾಗೆ. "ಕಿಟಕಿ ಮುಚ್ಚಿದ್ದಾಗ ಬೈಕೊಂಡು ಬೈಕೊಂಡು ಹೊಲೀತಿದ್ಳು. ಬೈತಿದ್ಳು ಅಷ್ಟೇ. ಉಸಿರಾಡ್ತಿದ್ಳು."

ನಾನು ಕೈ ಮುಂದೆ ಚಾಚಿದೆ. ತುಂಡು ಮಡಚೋಕೆ ಸಹಾಯಕ್ಕೆ.

"ಮುಟ್ಬೇಡ. ಹೋಗು."

ಎದ್ದೆ. ಬಾಗಿಲ ತನಕ ಬಂದಾಗ ಹಿಂದಿನಿಂದ ಹೇಳಿದ್ರು, ಜೋರು ಮಾಡದೆ — "ಇನ್ನು ಬರೋದು ಬೇಡ."

"ಹೊರಟ್ಯಾ" ಅಂತ ಕೇಳದೇ ಇದ್ದದ್ದು ಇದೇ ಮೊದಲು.

ನವೆಂಬರ್ 27, ಸೋಮವಾರ

ಪೆಟ್ಟಿಗೆ ಆಫ್ ಮಾಡಿ ಐವತ್ತು ದಿನ ದಾಟಿತು. ರಕ್ತ, ಮೂತ್ರ, ಕಫ — ಬೇರೆ ಪರೀಕ್ಷೆ ಎಲ್ಲ ಮಾಡ್ತೀನಿ. ತಾರಸಿ ಹತ್ತಲ್ಲ. ಗೇಟಿನ ಬೋರ್ಡಲ್ಲಿ ಇನ್ನೂ ಅವತ್ತಿನ ತಾರೀಖು ಇತ್ತು. ಯಾರೋ ಒರೆಸಿದ್ದಾರೆ.

ಸ್ಟಾಪಿನಲ್ಲಿ ನಿಂತಿದ್ದೆ. ಹದಿನಾಲ್ಕು ಬಂತು. ಭಾವನೇ. ಬಾಗಿಲು ತೆರೀತು. ಬೇರೆಯವರೆಲ್ಲ ಹತ್ತಿದ್ರು. ನಾನು ನಿಂತೇ ಇದ್ದೆ. ಭಾವ ಎದುರಿನ ರಸ್ತೇನೇ ನೋಡ್ತಿದ್ರು. ಇರಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹೊತ್ತು ಬಾಗಿಲು ತೆರೆದೇ ಇತ್ತು. ಹಿಂದಿನ ಗಾಡಿ ಹಾರ್ನು ಹೊಡೀತು. ಮುಚ್ಚಿತು.

ನಡ್ಕೊಂಡೇ ಬಂದೆ.

ಫೆಬ್ರವರಿ 12, ಸೋಮವಾರ

ಮೇಷ್ಟ್ರು ಲ್ಯಾಬಿಗೇ ಬಂದ್ರು. ಮೆಟ್ಟಿಲು ಹತ್ತಿ ಏದುಸಿರು. ಕುರ್ಚಿ ಕೊಟ್ಟೆ. ಐದು ನಿಮಿಷ ಬರೀ ಉಸಿರಾಡಿದ್ರು.

"ಮರಗಳು ಹೂ ಬಿಡ್ತಿವೆ," ಅಂದ್ರು. "ಬೆಳಿಗ್ಗೆ ವಾಕಿಂಗ್ ಹೋಗ್ಲೋ ಬೇಡ್ವೋ ಗೊತ್ತಾಗ್ತಿಲ್ಲ."

"ನಾನು ಹೇಳಿದ್ದನ್ನ ಮತ್ತೆ ನಂಬ್ತೀರಾ ಮೇಷ್ಟ್ರೇ?"

"ಮೂವತ್ತಾರು ವರ್ಷ ಪೇಪರ್ ತಿದ್ದಿದೀನಮ್ಮ. ತಪ್ಪಿದ ಲೆಕ್ಕ ಬಿಟ್ಟು ಓಡೋರೇ ಹೆಚ್ಚು. ಅದನ್ನೇ ಮತ್ತೆ ಕೂತು ಮಾಡಿದವರು ಆ ಲೆಕ್ಕ ಇನ್ನೊಂದು ಸಲ ತಪ್ಪಿದ್ದು ನಾನು ನೋಡಿಲ್ಲ." ಎದ್ದು ನಿಂತ್ರು. "ಅವತ್ತು ನಿಮ್ಮ ಮೆಸೇಜು ನೋಡಿ ನಾನೂ ಕಿಟಕಿ ತೆಗೆದಿದ್ದೆ. ನಂಗೆ ಮಾಸ್ಕು ಹಾಕಿದ್ದು ನೀವೇ. ಎರಡೂ ನಿಜ."

ಅವರು ಹೋದ ಮೇಲೆ ತಾರಸಿಗೆ ಹೋದೆ. ಹೊದಿಕೆ ತೆಗೆದೆ. ಫ್ಯಾನಿಗೆ ಎಣ್ಣೆ ಬಿಟ್ಟು ಆನ್ ಮಾಡ್ದೆ. ಅಲ್ಲೇ ಕೂತು ಅತ್ತೆ, ಈ ನಾಲ್ಕು ತಿಂಗಳಲ್ಲಿ ಮೊದಲ ಸಲ ಬಾಯಿ ಬಿಟ್ಟು. ಕೆಳಗೆ ಯಾರಿಗೂ ಕೇಳಿಸಿರಲಿಕ್ಕಿಲ್ಲ. ಫ್ಯಾನಿನ ಸದ್ದಿತ್ತು.

ಫೆಬ್ರವರಿ 13, ಮಂಗಳವಾರ

ಮರ 52. ಹುಲ್ಲು 2. ಗ್ರೂಪಿಗೆ ಹಾಕಿದೆ. ಮೊದಲ ಉತ್ತರ ಮೇಷ್ಟ್ರದು.

ಅಕ್ಕನದಲ್ಲ.

ಸೆಪ್ಟೆಂಬರ್ 9, ಸೋಮವಾರ

ಮತ್ತೆ ಹುಲ್ಲು. 37.

ನೆಬ್ಯುಲೈಸರ್ ಈಗ ಎಂಟಿವೆ. ಡಾಕ್ಟರಮ್ಮ ಕಾಗದದ ಮೇಲೆ ಕಾಗದ ಬರೆದು ತರಿಸಿದ್ದು. ಬಸ್ ಡಿಪೋ, ಶಾಲೆ, ಮೆಡಿಕಲ್ ಸ್ಟೋರು — ಮೂರೂ ಕಡೆ ಚೀಟಿ ಅಂಟಿಸಿ ಬಂದೆ, ಗುಡುಗು ಮಳೆ ಬಂದ್ರೆ ಏನು ಮಾಡ್ಬೇಕು ಅಂತ. ಡಿಪೋಗೆ ಭಾವನ ಡ್ಯೂಟಿ ಇಲ್ಲದ ಹೊತ್ತು ನೋಡ್ಕೊಂಡು ಹೋದೆ.

ಸೆಪ್ಟೆಂಬರ್ 24, ಮಂಗಳವಾರ. ಮಧ್ಯಾಹ್ನ 1.40

171. ಪಶ್ಚಿಮಕ್ಕೆ ಮೋಡ.

ಗ್ರೂಪಿಗೆ ಹಾಕಿದೆ: "ಸಂಜೆ ಗುಡುಗು ಮಳೆ ಸಾಧ್ಯತೆ. ಮಳೆ ನಿಂತು ಒಂದು ಗಂಟೆ ಆಗೋವರೆಗೂ ಕಿಟಕಿ ತೆರೆಯಬೇಡಿ. ಹೊರಗೆ ಬರಬೇಡಿ. ಇನ್‌ಹೇಲರ್ ಕೈಯಲ್ಲೇ ಇರಲಿ." ಡಿಪೋಗೆ ಫೋನು ಮಾಡ್ದೆ. ಶಾಲೆಗೆ ಮಾಡ್ದೆ. ಉಬ್ಬಸ ಇರೋರ ಪಟ್ಟಿ ಹಿಡ್ಕೊಂಡು ಮೂವತ್ತೊಂದು ಮನೆಗೆ ಮಾಡ್ದೆ. ಒಬ್ಬಾಕೆ ಈ ಸೆಖೇಲಿ ಸಾಯೋದಾ ಅಂದ್ರು. ಸೆಖೇಲಿ ಸಾಯಲ್ಲ, ದಯವಿಟ್ಟು ಮುಚ್ಚಿ ಅಂದೆ. ಧ್ವನಿ ಏರಿತ್ತು. ಅವರು ಮುಚ್ಚಿದ್ರು.

ಫೋನು ಜೇಬಲ್ಲಿದೆ. ಇನ್ನು ಕೆಳಗಿಡಲ್ಲ.

ಸೆಪ್ಟೆಂಬರ್ 25, ಬುಧವಾರ. ಸಂಜೆ

ನಿನ್ನೆ ನಾಲ್ಕೂ ಮುಕ್ಕಾಲಿಗೆ ಗುಡುಗು ಮಳೆ ಹೊಡೀತು. ಒಂಬತ್ತು ಜನ ಬಂದ್ರು. ಒಂಬತ್ತೂ ಜನ ಮನೆಗೆ ಹೋದ್ರು.

ಒಂಬತ್ತನೆಯವರು ಬಂದಿದ್ದು ಬಸ್ಸಲ್ಲಿ. ಹದಿನಾಲ್ಕನೇ ನಂಬರು ನಮ್ಮ ಬೀದಿಗೆ ಬರೋದೇ ಇಲ್ಲ. ಗೇಟಿಗೆ ಒರಗಿಸಿಯೇ ನಿಲ್ಲಿಸಿದ್ರು. ತುಂಬಿದ ಬಸ್ಸು, ಎಲ್ಲ ಗಾಜೂ ಮುಚ್ಚಿತ್ತು. ಭಾವ ಒಬ್ಬ ಮುದುಕಿಯನ್ನ ಎತ್ಕೊಂಡು ಇಳಿದ್ರು. ಮಳೇಲಿ ತೊಯ್ದು, ಅದೇ ಬಾಗಿಲಿಂದ ಒಳಗೆ. ನನ್ನ ನೋಡಿದ್ರು. ಹತ್ತು ತಿಂಗಳಾದ ಮೇಲೆ ಮೊದಲ ಮಾತು — "ಬೇಗ. ಇವರಿಗೆ ಉಸಿರು ಸಿಕ್ತಿಲ್ಲ."

ಮಾಸ್ಕು ಹಾಕಿದೆ. ಭಾವ ಮತ್ತೆ ಹೋಗಿ ಬಸ್ಸು ಹತ್ತಿದ್ರು.

ಇವತ್ತು ಡ್ಯೂಟಿ ಮುಗಿಸಿ ಬಂದ್ರು. ಅಜ್ಜಿ ಹೇಗಿದ್ದಾರೆ ಅಂತ ಕೇಳೋಕೆ. ಮನೆಗೆ ಹೋದ್ರು, ಚೆನ್ನಾಗಿದ್ದಾರೆ ಅಂದೆ. ಹೋಗಬಹುದಿತ್ತು, ಹೋಗಲಿಲ್ಲ. ಹೊರಗಿನ ಬೆಂಚಲ್ಲಿ ಕೂತ್ರು. ನಾನೂ ಕೂತೆ. ಮಧ್ಯೆ ಒಬ್ಬರು ಕೂರೋವಷ್ಟು ಜಾಗ.

"ಅವತ್ತು ನನ್ನ ಡ್ಯೂಟಿ ಐದೂ ಕಾಲಿಗೇ ಮುಗಿದಿತ್ತು," ಅಂದ್ರು. ನೆಲ ನೋಡ್ತಾ. "ಮಳೆ ನಿಲ್ಲಲಿ ಅಂತ ಡಿಪೋದಲ್ಲೇ ಕೂತೆ. ಕಂಡಕ್ಟರು ಏನೋ ತಮಾಷೆ ಹೇಳ್ತಿದ್ದ. ನಾನು ನಗ್ತಿದ್ದೆ. ಫೋನು ಬ್ಯಾಗಲ್ಲಿತ್ತು."

ನಾನು ಅವರ ಕಡೆ ತಿರುಗಿದೆ.

"ಅವಳು ನಿಂಗೆ ಎರಡು ಸಲ ಮಾಡಿದ್ಳು. ನಂಗೆ ಐದು ಸಲ. ಮೊದಲನೇದು ಐದು ಮೂವತ್ತೆಂಟಕ್ಕೆ." ಕೈ ಕೈ ಉಜ್ಕೊಂಡ್ರು. ಅಷ್ಟು ಮಾತು ಅವರ ಬಾಯಲ್ಲಿ ನಾನು ಕೇಳಿದ್ದೇ ಇಲ್ಲ. "ನೀನು ಬಂದು ನಿನ್ನ ತಪ್ಪು ಹೇಳ್ಕೊಂಡೆ. ನಂಗೆ ಬಾಯಿ ಬರ್ಲಿಲ್ಲ. ನಿನ್ನನ್ನ ಓಡಿಸಿದೆ. ನೀನು ಎದುರಿಗಿದ್ರೆ ನಾನೂ ಹೇಳ್ಬೇಕಾಗುತ್ತಲ್ಲ, ಅದಕ್ಕೆ."

"ಭಾವ..."

"ಒಂದೇ ಒಂದು ಕೇಳ್ತೀನಿ. ನೀನು ಇಲ್ಲೇ ಕೆಲಸ ಮಾಡೋಳು, ನಿಂಗೆ ಗೊತ್ತಿರುತ್ತೆ. ಆ ಮೊದಲನೇ ಸಲನೇ ನಾನು ಎತ್ತಿದ್ದಿದ್ರೆ, ಕರ್ಕೊಂಡು ಬಂದಿದ್ರೆ... ಇರ್ತಿದ್ಳಾ?"

ಡಿಪೋದಿಂದ ಮನೆಗೆ ಐದು ನಿಮಿಷ. ಮನೆಯಿಂದ ಇಲ್ಲಿಗೆ ನಾಲ್ಕು. ವಾಚ್‌ಮನ್ ಬಂದಾಗ ಅವರಿಗೆ ಫೋನು ಮಾಡೋವಷ್ಟೂ ಉಸಿರಿರ್ಲಿಲ್ಲ, ಮರುದಿನ ಎದ್ದು ಕೂತ್ರು. ಡಾಕ್ಟರಮ್ಮನನ್ನ ಕೇಳಿದ್ರೂ ಇರ್ತಿದ್ಳು ಅಂತಾರೆ. ನಂಗೂ ಗೊತ್ತು.

ಭಾವ ಮುಖ ಎತ್ತಿ ನನ್ನನ್ನೇ ನೋಡ್ತಿದ್ರು.

"ಇಲ್ಲ ಭಾವ," ಅಂದೆ. "ಅಷ್ಟರಲ್ಲಾಗಲೇ ಕೈ ಮೀರಿತ್ತು. ಯಾರು ಬಂದಿದ್ರೂ ಆಗ್ತಿರ್ಲಿಲ್ಲ."

ತಲೆ ಆಡಿಸಿದ್ರು. ಆಮೇಲೆ ಎದ್ದು, ಭಾನುವಾರ ಮನೆಗೆ ಬಾ ಅಂದ್ರು.

ಈ ಪುಸ್ತಕದಲ್ಲಿ ತಪ್ಪು ಬರೆದಿರಬಹುದು, ಸುಳ್ಳು ಬರೆದಿಲ್ಲ. ಇವತ್ತು ಹೇಳಿದ್ದನ್ನ ಮಾತ್ರ ಸುಳ್ಳು ಅಂತ ಈ ಪುಸ್ತಕಕ್ಕೆ ಬಿಟ್ಟು ಬೇರೆ ಯಾರಿಗೂ ಹೇಳಲ್ಲ.